ಜಿಗಿಹುಳು ಗುರುತಿಸುವುದು ಹೇಗೆ? ಮೊದಲು ಕಾಲು, ಆಮೇಲೆ ಮುಖ, ಕೊನೆಗೆ ಬಣ್ಣ

ಪ್ರಶ್ನೆ: ರಾತ್ರಿ ಹೊತ್ತು ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ ಕೀಟಗಳನ್ನು ನೋಡುವ ಹವ್ಯಾಸ ನನ್ನದು. ಸಣ್ಣ ಜಿಗಿಹುಳುಗಳು ರಾಶಿ ರಾಶಿ ಬರುತ್ತವೆ. ಸದ್ಯಕ್ಕೆ ಮೂರು ಬಗೆಯವನ್ನು ಹಿಡಿದಿಟ್ಟಿದ್ದೇನೆ. ಒಂದು ಸುಮಾರು 3 ಮಿ.ಮೀ., ತಿಳಿ ಹಸಿರು, ಎರಡೂ ರೆಕ್ಕೆಗಳ ತುದಿಯ ಹತ್ತಿರ ಒಂದೊಂದು ಕಪ್ಪು ಚುಕ್ಕೆ. ಎರಡನೆಯದು 4ರಿಂದ 5 ಮಿ.ಮೀ., ಕಡು ಹಸಿರು, ರೆಕ್ಕೆಯ ತುದಿಯೇ ಕಪ್ಪು, ನಡುವೆಯೂ ಒಂದು ಕಪ್ಪು ಮಚ್ಚೆ. ಮೂರನೆಯದು ಕಂದು ಬಣ್ಣದ್ದು, ಅದರ ಹಿಂಗಾಲಿನಲ್ಲಿ ಎಲೆಯಂಥ ಒಂದು ಸಣ್ಣ ಚೂರು ಅಲ್ಲಾಡುತ್ತದೆ. ಮೊಬೈಲ್ ಆ್ಯಪ್ ಒಂದೇ ಹುಳುವಿನ ಮೂರು ಫೋಟೊಗೆ ಮೂರು ಹೆಸರು ಹೇಳುತ್ತಿದೆ. ಬಲ್ಲವರು ಯಾವ ಅಂಗ ನೋಡಿ ಜಾತಿ ಹೇಳುತ್ತಾರೆ? ನನ್ನ ಹತ್ತಿರ 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇದೆ. ಅದರಿಂದ ಎಲ್ಲಿಯವರೆಗೆ ಹೋಗಬಹುದು?

ಉತ್ತರ: ನಿಮ್ಮ ಮೂರನೆಯ ಹುಳುವಿನಿಂದಲೇ ಶುರು ಮಾಡೋಣ. ಯಾಕೆಂದರೆ ಅದರ ಗುರುತನ್ನು ನೀವೇ ಹಿಡಿದುಬಿಟ್ಟಿದ್ದೀರಿ. ಹಿಂಗಾಲಿನಲ್ಲಿ ಅಲ್ಲಾಡುವ ಆ ಎಲೆಯಂಥ ಚೂರು ಇದೆಯಲ್ಲ, ಅದು ಡೆಲ್ಫಾಸಿಡೇ ಎಂಬ ಬೇರೆಯೇ ಕುಟುಂಬದ ಗುರುತು. ಭತ್ತದ ಬುಡದಲ್ಲಿ ಕೂತು ರಸ ಹೀರುವ ಕಂದು ಜಿಗಿಹುಳು ಆ ಕುಟುಂಬದ್ದು. ಎಲೆಯ ಮೇಲೆ ಜಿಗಿಯುವ ನಿಜವಾದ ಎಲೆ ಜಿಗಿಹುಳುಗಳು ಸಿಕಾಡೆಲ್ಲಿಡೇ ಕುಟುಂಬಕ್ಕೆ ಸೇರಿದವು. ಎರಡೂ ಜಿಗಿಯುತ್ತವೆ, ಎರಡೂ ರೆಕ್ಕೆಯನ್ನು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಮಡಚಿಕೊಂಡು ಕೂರುತ್ತವೆ, ಎರಡೂ ಗಿಡದ ರಸ ಕುಡಿಯುತ್ತವೆ. ಆದರೆ ಸಂಬಂಧ ಬಹಳ ದೂರದ್ದು. ಹಾಗಾಗಿ ಆ ಕಂದು ಹುಳುವನ್ನು ಪಕ್ಕಕ್ಕಿಡಿ. ಅದಕ್ಕೆ ಹೆಸರು ಹುಡುಕುವಾಗ ಎಲೆ ಜಿಗಿಹುಳುಗಳ ಪುಸ್ತಕ ತೆರೆದರೆ ಎಷ್ಟು ಹೊತ್ತು ಹುಡುಕಿದರೂ ಸಿಗುವುದಿಲ್ಲ.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಜಿಗಿಹುಳು ಗುರುತಿಸುವಾಗ ಆಗುವ ತಪ್ಪುಗಳಲ್ಲಿ ಜಾಸ್ತಿ ಪಾಲು ಮೊದಲ ಹೆಜ್ಜೆಯಲ್ಲೇ ಆಗುತ್ತದೆ. ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಬಣ್ಣ ಹಿಡಿದುಕೊಂಡು ನೇರವಾಗಿ ಜಾತಿಯ ಹೆಸರಿಗೆ ಹೋಗುತ್ತೇವೆ. ಆ್ಯಪ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮೇಲಿನಿಂದ ತೆಗೆದ ಫೋಟೊದಲ್ಲಿ ಅದಕ್ಕೆ ಸಿಗುವುದು ಬಣ್ಣ ಮತ್ತು ಮೈಯ ಆಕಾರ, ಅಷ್ಟೇ. ಸಿಕಾಡೆಲ್ಲಿಡೇ ಕುಟುಂಬದಲ್ಲಿ ಇದುವರೆಗೆ ಹೆಸರಿಟ್ಟಿರುವ ಜಾತಿಗಳೇ 20,000ಕ್ಕೂ ಹೆಚ್ಚು. ಅವುಗಳಲ್ಲಿ ಹಸಿರು ಬಣ್ಣದವು, ಅದರಲ್ಲೂ ಕಪ್ಪು ಚುಕ್ಕೆ ಇರುವವು, ಎಷ್ಟಿರಬಹುದು ಯೋಚಿಸಿ. ಫೋಟೊಗೊಂದು ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಬಣ್ಣ ಎಷ್ಟರ ಮಟ್ಟಿಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನೇಯಸ್ 1758ರಲ್ಲೇ ಹೆಸರಿಟ್ಟ ಸಿಕಾಡೆಲ್ಲಾ ವಿರಿಡಿಸ್ ಎಂಬ ಜಿಗಿಹುಳು ಇದೆ. ಹೆಣ್ಣು ಹಸಿರು. ಗಂಡಿನ ರೆಕ್ಕೆ ಕಡು ನೀಲಿ, ಕೆಲವು ಸಲ ಕಪ್ಪೇ ಅನ್ನಬೇಕು. ಎರಡನ್ನೂ ಒಂದೇ ಹುಲ್ಲಿನ ಮೇಲೆ ಹಿಡಿದವರು ಎರಡು ಜಾತಿ ಅಂತ ಬರೆದುಕೊಂಡರೆ ಅವರನ್ನು ದೂರುವ ಹಾಗಿಲ್ಲ. ಇದು ಲಿಂಗದ ವ್ಯತ್ಯಾಸ. ಇನ್ನು ವಯಸ್ಸಿನದೂ ಇದೆ. ಆಗಷ್ಟೇ ಪೊರೆ ಬಿಟ್ಟ ಹುಳು ಬಿಳುಚಿಕೊಂಡಿರುತ್ತದೆ, ಮಚ್ಚೆಗಳು ಪೂರ್ತಿ ಮೂಡಿರುವುದಿಲ್ಲ. ಹಿಡಿದು ಆಲ್ಕೋಹಾಲ್‌ನಲ್ಲಿ ಹಾಕಿದರೆ ಹಸಿರು ನಿಧಾನವಾಗಿ ಹಳದಿಯಾಗುತ್ತದೆ. ಒಣಗಿಸಿ ಇಟ್ಟರೂ ಹಾಗೆಯೇ. ನಿಮ್ಮ ಹುಳುಗಳನ್ನು ಈಗಾಗಲೇ ಆಲ್ಕೋಹಾಲ್‌ಗೆ ಹಾಕಿದ್ದರೆ, ಜೀವಂತ ಇದ್ದಾಗಿನ ಬಣ್ಣವನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಬಣ್ಣ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಸರದಿ ಕೊನೆಗೆ ಬರಬೇಕು ಅನ್ನುವುದಷ್ಟೇ ನನ್ನ ಮಾತು. ಕಾಲು, ತಲೆ, ರೆಕ್ಕೆಯ ನರ ಇವು ಮೂರೂ ಸೇರಿ ಹುಳು ಯಾವ ಗುಂಪಿನದು ಅಂತ ಹೇಳಿದ ಮೇಲೆ, ಅದೇ ಚುಕ್ಕೆಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಈಗ ಕಾಲಿಗೆ ಬರೋಣ. ಹುಳುವನ್ನು ಪಕ್ಕಕ್ಕೆ ಮಲಗಿಸಿ ಹಿಂಗಾಲು ನೋಡಿ. ತೊಡೆಗೂ ಪಾದಕ್ಕೂ ನಡುವೆ ಇರುವ ಉದ್ದನೆಯ ಭಾಗಕ್ಕೆ ಟಿಬಿಯಾ ಅನ್ನುತ್ತಾರೆ. ಎಲೆ ಜಿಗಿಹುಳುವಿನಲ್ಲಿ ಅದು ದುಂಡಗಿರುವುದಿಲ್ಲ, ಅಂಚು ಅಂಚಾಗಿರುತ್ತದೆ. ಆ ಅಂಚುಗಳ ಉದ್ದಕ್ಕೂ ಮುಳ್ಳಿನಂಥ ಗಟ್ಟಿ ಕೂದಲುಗಳು ಸಾಲಾಗಿ ನಿಂತಿರುತ್ತವೆ. ಸಾಮಾನ್ಯವಾಗಿ ಇಂಥ ಸಾಲು ನಾಲ್ಕು. 10 ಪಟ್ಟಿನ ಮಸೂರದಲ್ಲಿ ನಾಲ್ಕೂ ಒಟ್ಟಿಗೆ ಕಾಣದಿದ್ದರೂ ಒಂದೆರಡು ಸಾಲು ಚೆನ್ನಾಗಿ ಕಾಣುತ್ತವೆ. ಇದು ಕಂಡರೆ ಸಿಕಾಡೆಲ್ಲಿಡೇ ಎಂದು ಧೈರ್ಯವಾಗಿ ಮುಂದೆ ಹೋಗಬಹುದು.

ಈ ಮುಳ್ಳಿನ ಸಾಲುಗಳಿಗೆ ಒಂದು ಕೆಲಸವೂ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಎಲೆ ಜಿಗಿಹುಳುಗಳು ತಮ್ಮ ವಿಸರ್ಜನಾಂಗದಲ್ಲಿ, ಅಂದರೆ ಮಾಲ್ಪೀಘಿ ನಾಳಗಳಲ್ಲಿ, ಬ್ರೋಕೋಸೋಮ್ ಎಂಬ ಅತಿ ಸಣ್ಣ ಕಣಗಳನ್ನು ತಯಾರಿಸುತ್ತವೆ. ಒಂದೊಂದು ಕಣವೂ ಒಳಗೆ ಟೊಳ್ಳು, ಮೇಲ್ಮೈ ತುಂಬ ಜೇನುಗೂಡಿನಂಥ ಕುಳಿಗಳು. ಗಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಹುಳು ಇದನ್ನು ದ್ರವದ ರೂಪದಲ್ಲಿ ಹೊರಗೆ ಬಿಟ್ಟು, ಕಾಲಿನ ಕೂದಲುಗಳಿಂದ ಬಾಚಿ ಬಾಚಿ ಮೈಗೆಲ್ಲ ಹಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ನೀರು ಅಂಟುವುದಿಲ್ಲ, ತನ್ನದೇ ಸಿಹಿ ಮಲವೂ ಮೈಗೆ ಮೆತ್ತುವುದಿಲ್ಲ. ಶಾರ್ಪ್‌ಶೂಟರ್ ಎಂಬ ಗುಂಪಿನ ಕೆಲವು ಎಲೆ ಜಿಗಿಹುಳುಗಳ ಹೆಣ್ಣುಗಳು ಮೊಟ್ಟೆ ಇಡುವ ಮುಂಚೆ ಇದೇ ಕಣಗಳನ್ನು ರೆಕ್ಕೆಯ ಮೇಲೆ ಬಿಳಿ ಮಚ್ಚೆಯಾಗಿ ಗುಡ್ಡೆ ಹಾಕಿಕೊಳ್ಳುತ್ತವೆ, ಆಮೇಲೆ ಅದನ್ನು ಮೊಟ್ಟೆಗಳ ಮೇಲೆ ಸವರುತ್ತವೆ. ಫೋಟೊ ನೋಡಿದವರು ಆ ಬಿಳಿ ಮಚ್ಚೆಯನ್ನು ರೆಕ್ಕೆಯ ಬಣ್ಣ ಅಂದುಕೊಳ್ಳುವುದುಂಟು. ಒದ್ದೆ ಕುಂಚದಿಂದ ಒಮ್ಮೆ ಸವರಿದರೆ ಅದು ಹೋಗುತ್ತದೆ. ಬಣ್ಣ ಹೋಗುವುದಿಲ್ಲ.

ಉಳಿದ ಜಿಗಿಯುವ ನೆಂಟರ ಕಾಲು ಹೀಗಿರುವುದಿಲ್ಲ. ನೊರೆಹುಳು, ಅಂದರೆ ಮರಿಯಿದ್ದಾಗ ಎಂಜಲಿನಂಥ ನೊರೆಯೊಳಗೆ ಕೂರುವ ಹುಳು, ಅದರ ಟಿಬಿಯಾ ದುಂಡಗೆ ಕೋಲಿನ ಹಾಗಿರುತ್ತದೆ. ಪಕ್ಕದಲ್ಲಿ ಒಂದೋ ಎರಡೋ ದಪ್ಪ ಮುಳ್ಳು, ತುದಿಯಲ್ಲಿ ಸುತ್ತಲೂ ಮುಳ್ಳಿನ ಬಳೆ, ಅಷ್ಟೇ. ನಿಮ್ಮ ಕಂದು ಹುಳುವಿನಂಥ ಡೆಲ್ಫಾಸಿಡ್‌ಗಳಿಗೆ ಟಿಬಿಯಾದ ತುದಿಯಲ್ಲಿ ಅಲ್ಲಾಡುವ ದೊಡ್ಡ ಮುಳ್ಳು, ಅದಕ್ಕೆ ಕ್ಯಾಲ್ಕರ್ ಎಂದು ಹೆಸರು. ಹಿಂಗಾಲು ಮುರಿದುಹೋಗಿದ್ದರೆ ಮೀಸೆ ನೋಡಿ. ಎಲೆ ಜಿಗಿಹುಳುವಿನ ಮೀಸೆ ಎರಡು ಕಣ್ಣುಗಳ ನಡುವೆ, ಮುಖದ ಮೇಲೆ ಹುಟ್ಟುತ್ತದೆ. ಬುಡದ ಎರಡು ಗೆಣ್ಣು ಬಿಟ್ಟರೆ ಉಳಿದದ್ದು ಕೂದಲೆಳೆಯಷ್ಟು ಸಣ್ಣ. ಡೆಲ್ಫಾಸಿಡ್ ಮತ್ತು ಅದರ ಬಳಗದಲ್ಲಿ ಮೀಸೆ ಕಣ್ಣಿನ ಕೆಳಗಿನಿಂದ ಹೊರಡುತ್ತದೆ, ಎರಡನೇ ಗೆಣ್ಣು ಊದಿಕೊಂಡಿರುತ್ತದೆ. ಆ ಬಳಗಕ್ಕೆ ಮುಂದಿನ ರೆಕ್ಕೆಯ ಬುಡದಲ್ಲಿ ಟೆಗ್ಯುಲಾ ಎಂಬ ಪುಟ್ಟ ಮುಚ್ಚಳವೂ ಇರುತ್ತದೆ, ಎಲೆ ಜಿಗಿಹುಳುವಿಗೆ ಇರುವುದಿಲ್ಲ. ಬೆನ್ನ ಮೇಲೆ ಕೊಂಬಿನಂತೆಯೋ ಮುಳ್ಳಿನಂತೆಯೋ ಕವಚ ಹಿಂದಕ್ಕೆ ಚಾಚಿದ್ದರೆ ಅದು ಮರ ಜಿಗಿಹುಳು, ಮೆಂಬ್ರಾಸಿಡೇ. ಇವಿಷ್ಟನ್ನು ನಿಮ್ಮ ಮಸೂರದಲ್ಲೇ ನೋಡಬಹುದು.

ಕುಟುಂಬ ಗೊತ್ತಾಯಿತು. ಮುಂದಿನದು ಉಪಕುಟುಂಬ. ಇಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಗ ಮುಖ. ಮೇಲಿನಿಂದ ತೆಗೆದ ಫೋಟೊದಲ್ಲಿ ಇದು ಕಾಣುವುದೇ ಇಲ್ಲ. ಹುಳುವನ್ನು ಅಂಗಾತ ಮಲಗಿಸಿ, ಇಲ್ಲವೇ ಗಾಜಿನ ಕೊಳವೆಗೆ ಬಿಟ್ಟು ಅದು ಗಾಜಿನ ಮೇಲೆ ನಡೆಯುವಾಗ ಕೆಳಗಿನಿಂದ ನೋಡಿ.

ಮೊದಲು ಸರಳ ಕಣ್ಣುಗಳನ್ನು ಹುಡುಕಿ. ಎರಡು ದೊಡ್ಡ ಸಂಯುಕ್ತ ಕಣ್ಣುಗಳಲ್ಲದೆ, ಗಾಜಿನ ಮಣಿಯಂತೆ ಹೊಳೆಯುವ ಇನ್ನೆರಡು ಪುಟ್ಟ ಕಣ್ಣುಗಳಿವೆ. ಅವು ಎಲ್ಲಿವೆ ಅನ್ನುವುದೇ ಮುಖ್ಯ. ನೆತ್ತಿಯ ಮೇಲೆ, ಮುಂದಿನ ಅಂಚಿನಿಂದ ಚೆನ್ನಾಗಿ ಹಿಂದಕ್ಕೆ ಇದ್ದರೆ ಸಿಕಾಡೆಲ್ಲಿನೇ ಕಡೆ ಯೋಚಿಸಿ, ಅಂದರೆ ಶಾರ್ಪ್‌ಶೂಟರ್‌ಗಳು. ನೆತ್ತಿಯೂ ಮುಖವೂ ಕೂಡುವ ಅಂಚಿನ ಮೇಲೆ, ದೊಡ್ಡ ಕಣ್ಣುಗಳ ಹತ್ತಿರ ಇದ್ದರೆ ಡೆಲ್ಟೋಸೆಫಲಿನೇ ಇರಬಹುದು. ಈ ಕುಟುಂಬದ ಅತಿ ದೊಡ್ಡ ಉಪಕುಟುಂಬ ಅದೇ, ಗಿಡಗಳಿಗೆ ರೋಗ ಹರಡುವ ಜಿಗಿಹುಳುಗಳಲ್ಲಿ ಬಹುಪಾಲು ಅದರವೇ. ಸರಳ ಕಣ್ಣುಗಳು ಪೂರ್ತಿ ಮುಖದ ಮೇಲೆ ಇಳಿದಿದ್ದು, ತಲೆ ಅಗಲವಾಗಿ ಗಿಡ್ಡವಾಗಿದ್ದರೆ ಇಡಿಯೋಸೆರಿನೇ. ಮಾವಿನ ಹೂವಿಗೆ ಮುತ್ತುವ ಜಿಗಿಹುಳುಗಳು ಇದರಲ್ಲಿ ಬರುತ್ತವೆ. ಸರಳ ಕಣ್ಣು ಕಾಣುವುದೇ ಇಲ್ಲ ಅಥವಾ ತೀರಾ ಮಸುಕು, ಹುಳುವೂ 2ರಿಂದ 4 ಮಿ.ಮೀ. ಒಳಗಿನ ತೆಳ್ಳನೆಯ ಜೀವ ಅಂದರೆ ಟಿಫ್ಲೋಸಿಬಿನೇ. ಇದು ಒಂದೇ ಗುರುತಿನಿಂದ ತೀರ್ಮಾನವಾಗುವ ವಿಷಯ ಅಲ್ಲ, ಆದರೆ ಇಷ್ಟರಿಂದಲೇ ಹುಡುಕಾಟ ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ಮುಖದ ಉಬ್ಬು. ಮುಖದ ನಡುವಿನ ದೊಡ್ಡ ಫಲಕಕ್ಕೆ ಫ್ರಾಂಟೋಕ್ಲಿಪಿಯಸ್ ಎನ್ನುತ್ತಾರೆ. ಅದರ ಕೆಳಗೆ ಸಣ್ಣ ಕ್ಲಿಪೆಲ್ಲಸ್, ಅಕ್ಕಪಕ್ಕ ಲೋರಮ್ ಎಂಬ ಎರಡು ಅರ್ಧಚಂದ್ರ. ಶಾರ್ಪ್‌ಶೂಟರ್ ಒಂದನ್ನು ಪಕ್ಕದಿಂದ ನೋಡಿದರೆ ಈ ನಡುವಿನ ಫಲಕ ಕೆನ್ನೆ ಊದಿಸಿಕೊಂಡ ಹಾಗೆ ಮುಂದಕ್ಕೆ ಬಂದಿರುತ್ತದೆ. ಅದರ ಎರಡು ಪಕ್ಕದಲ್ಲೂ ಅಡ್ಡಡ್ಡ ಗೆರೆಗಳು. ಒಳಗಿನ ಸ್ನಾಯುಗಳು ಚಿಪ್ಪಿಗೆ ಅಂಟಿಕೊಂಡಿರುವ ಜಾಗದ ಗುರುತು ಅವು. ಶಾರ್ಪ್‌ಶೂಟರ್‌ಗಳು ಕುಡಿಯುವುದು ಕ್ಸೈಲಮ್ ರಸ, ಬೇರಿನಿಂದ ಮೇಲಕ್ಕೆ ಹೋಗುವ ನೀರು. ಆ ಕೊಳವೆಯೊಳಗಿನ ನೀರು ಎಲೆಗಳ ಕಡೆಗೆ ಎಳೆತದಲ್ಲಿರುತ್ತದೆ, ತಾನಾಗಿ ಹೊರಗೆ ಚಿಮ್ಮುವುದಿಲ್ಲ. ಅದನ್ನು ಎಳೆದುಕೊಳ್ಳಬೇಕಾದರೆ ಬಾಯೊಳಗೆ ಬಲವಾದ ಪಂಪ್ ಬೇಕು. ಪಂಪ್ ದೊಡ್ಡದು, ಅದನ್ನು ಎಳೆಯುವ ಸ್ನಾಯು ದೊಡ್ಡದು, ಅದಕ್ಕೇ ಮುಖವೂ ದೊಡ್ಡದು. ಫ್ಲೋಯೆಮ್‌ನ, ಅಂದರೆ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗಿಡದ ಉಳಿದ ಭಾಗಗಳಿಗೆ ಸಾಗಿಸುವ ಕೊಳವೆಗಳ, ಸಿಹಿ ರಸ ಒತ್ತಡದಲ್ಲೇ ಇರುತ್ತದೆ, ಅದನ್ನು ಕುಡಿಯುವ ಡೆಲ್ಟೋಸೆಫಲಿನೇ ಹುಳುಗಳ ಮುಖ ಅಷ್ಟು ಉಬ್ಬಿರುವುದಿಲ್ಲ. ಟಿಫ್ಲೋಸಿಬಿನೇಯ ಬಹುಪಾಲು ಹುಳುಗಳು ಎಲೆಯ ಒಳಗಿನ ಜೀವಕೋಶಗಳನ್ನೇ ಒಂದೊಂದಾಗಿ ಖಾಲಿ ಮಾಡುತ್ತವೆ. ಎಲೆಯ ಮೇಲೆ ಬಿಳಿ ಚುಕ್ಕಿ ಚುಕ್ಕಿ ಬಿದ್ದಿದ್ದರೆ ಅದು ಇವುಗಳ ಊಟದ ಗುರುತು. ಹುಳುವಿನ ಮುಖ ನೋಡಿ ಅದು ಏನು ಕುಡಿಯುತ್ತದೆ ಅಂತ ಊಹಿಸಬಹುದು. ಇದಕ್ಕೇ ಮುಖ ನನಗೆ ಇಷ್ಟ.

ಮೂರನೆಯದು ರೆಕ್ಕೆಯ ನರಗಳು. ಮುಂದಿನ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಡೆಲ್ಟೋಸೆಫಲಿನೇಯಲ್ಲಿ ಉದ್ದುದ್ದದ ನರಗಳನ್ನು ರೆಕ್ಕೆಯ ಮಧ್ಯದಲ್ಲೇ ಅಡ್ಡ ನರಗಳು ಕೂಡಿಸುತ್ತವೆ. ಹಾಗಾಗಿ ತುದಿಯ ಕೋಣೆಗಳಲ್ಲದೆ ಅದಕ್ಕಿಂತ ಹಿಂದೆಯೂ ಮುಚ್ಚಿದ ಕೋಣೆಗಳಿರುತ್ತವೆ. ಟಿಫ್ಲೋಸಿಬಿನೇಯಲ್ಲಿ ಅಡ್ಡ ನರಗಳು ತುದಿಯ ಹತ್ತಿರ ಒಂದೇ ಸಾಲಿನಲ್ಲಿವೆ. ಅಲ್ಲಿಂದ ಬುಡದ ಕಡೆಗೆ ಮುಚ್ಚಿದ ಕೋಣೆಯೇ ಇಲ್ಲ. ಉದ್ದ ನರಗಳೂ ಬುಡದ ಕಡೆ ಮಸುಕಾಗುತ್ತಾ ಹೋಗುತ್ತವೆ. ಈ ಒಂದು ಗುರುತು ಸರಳ ಕಣ್ಣಿಗಿಂತಲೂ ಗಟ್ಟಿ. ಟಿಫ್ಲೋಸಿಬಿನೇಯ ಒಳಗೆ ಎಂಪೋಆಸ್ಕಿನಿ, ಎರಿತ್ರೊನ್ಯೂರಿನಿ, ಟಿಫ್ಲೋಸಿಬಿನಿ ಅಂತ ಪಂಗಡಗಳಿವೆ. ಅವುಗಳನ್ನು ಬೇರೆ ಮಾಡಲು ಹಿಂದಿನ ರೆಕ್ಕೆ ಬಿಡಿಸಿ, ಅಂಚಿನ ಒಳಗಡೆ ಓಡುವ ನರ ಎಲ್ಲಿಯವರೆಗೆ ಹೋಗಿ ಯಾವುದಕ್ಕೆ ಸೇರುತ್ತದೆ ಎಂದು ನೋಡುತ್ತಾರೆ. ಅದಕ್ಕೆ ಮಸೂರ ಸಾಲದು, ಸೂಕ್ಷ್ಮದರ್ಶಕ ಬೇಕು.

ಹಿಂಗಾಲಿನ ತೊಡೆಯ ತುದಿಯಲ್ಲೂ ಒಂದು ಲೆಕ್ಕ ಇದೆ. ಅಲ್ಲಿನ ದಪ್ಪ ಕೂದಲುಗಳನ್ನು ತುದಿಯಿಂದ ಹಿಂದಕ್ಕೆ ಗುಂಪು ಗುಂಪಾಗಿ ಎಣಿಸುತ್ತಾರೆ. ಡೆಲ್ಟೋಸೆಫಲಿನೇಯಲ್ಲಿ ಸಾಮಾನ್ಯವಾಗಿ 2+2+1, ಟಿಫ್ಲೋಸಿಬಿನೇಯಲ್ಲಿ ಬಹಳ ಸಲ 2+1+1. ಕೂದಲು ಉದುರಿರಬಹುದು, ಹಾಗಾಗಿ ಎರಡೂ ಕಾಲು ನೋಡಿ.

ಇಷ್ಟು ಆದ ಮೇಲೆ ನಿಮ್ಮ ಎರಡು ಹಸಿರು ಹುಳುಗಳಿಗೆ ಬರೋಣ.

ಕಡು ಹಸಿರಿನ, ರೆಕ್ಕೆಯ ತುದಿ ಕಪ್ಪಾದ ಹುಳುವಿನಲ್ಲಿ ಸರಳ ಕಣ್ಣು ತಲೆಯ ಮುಂದಿನ ಅಂಚಿನಲ್ಲಿದ್ದು, ರೆಕ್ಕೆಯ ಮಧ್ಯದಲ್ಲಿ ಮುಚ್ಚಿದ ಕೋಣೆಗಳು ಕಂಡರೆ, ಅದು ನೆಫೊಟೆಟಿಕ್ಸ್ ಕುಲದ್ದು ಎಂದು ನನ್ನ ಬಲವಾದ ಅನುಮಾನ. ಭತ್ತದ ಹಸಿರು ಜಿಗಿಹುಳು ಅಂತ ಕರೆಯುವುದು ಇವನ್ನೇ. ತುದಿ ಕಪ್ಪಿರುವುದರಿಂದ ಗಂಡೇ ಇರಬೇಕು. ಹೆಣ್ಣಿನಲ್ಲಿ ರೆಕ್ಕೆಯ ತುದಿ ಸಾಮಾನ್ಯವಾಗಿ ಕಪ್ಪಗಿರುವುದಿಲ್ಲ. ಈಗ ಬಣ್ಣದ ಸರದಿ ಬಂತು ನೋಡಿ. ಕುಲ ಗೊತ್ತಾಗಿರುವುದರಿಂದ ಮಚ್ಚೆಗಳಿಗೆ ಅರ್ಥ ಬರುತ್ತದೆ. ನೆತ್ತಿಯ ಮುಂದಿನ ಅಂಚಿಗೆ ಸಮಾನಾಂತರವಾಗಿ, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನ ಕಡೆಗೆ ಕಪ್ಪು ಪಟ್ಟಿ ಇದೆಯೇ? ತಲೆಯ ಹಿಂದಿನ ಕವಚದ ಮುಂದಿನ ಅಂಚೂ ಕಪ್ಪಗಿದೆಯೇ? ಎರಡೂ ಇದ್ದು, ರೆಕ್ಕೆಯ ನಡುವಿನ ಮಚ್ಚೆ ಕ್ಲೇವಸ್ ಗೆರೆಯನ್ನು ಮುಟ್ಟಿದ್ದರೆ ನೆಫೊಟೆಟಿಕ್ಸ್ ನೈಗ್ರೊಪಿಕ್ಟಸ್ ಕಡೆ ವಾಲುತ್ತದೆ. ಕ್ಲೇವಸ್ ಅಂದರೆ ರೆಕ್ಕೆ ಮಡಚಿದಾಗ ಬೆನ್ನಿನ ಮಧ್ಯಕ್ಕೆ ಬರುವ ಉದ್ದನೆಯ ತುಂಡು, ಅದನ್ನು ರೆಕ್ಕೆಯ ಉಳಿದ ಭಾಗದಿಂದ ಬೇರೆ ಮಾಡುವುದೇ ಈ ಗೆರೆ. ನೆತ್ತಿಯ ಮೇಲೆ ಪಟ್ಟಿಯಿಲ್ಲ, ಕವಚದ ಅಂಚು ಹಸಿರೇ ಇದೆ, ಮಚ್ಚೆ ಆ ಗೆರೆಗೆ ಮುಂಚೆಯೇ ನಿಂತಿದೆ ಅಂದರೆ ನೆಫೊಟೆಟಿಕ್ಸ್ ವೈರೆಸೆನ್ಸ್ ಇರಬಹುದು. ಪಟ್ಟಿ ಇದ್ದು ಕವಚದ ಅಂಚು ಮಾತ್ರ ಹಸಿರಾಗಿದ್ದರೆ ನೆಫೊಟೆಟಿಕ್ಸ್ ಸಿಂಕ್ಟಿಸೆಪ್ಸ್ ಕೂಡ ಲೆಕ್ಕಕ್ಕೆ ಬರುತ್ತದೆ.

ಇಷ್ಟು ಕೂದಲು ಸೀಳುವುದು ಯಾಕೆ ಅಂತ ಕೇಳಬಹುದು. ಭತ್ತಕ್ಕೆ ಟುಂಗ್ರೊ ರೋಗ ತರುವ ವೈರಸ್‌ಗಳನ್ನು ಎಲ್ಲಕ್ಕಿಂತ ಚೆನ್ನಾಗಿ ಸಾಗಿಸುವುದು ವೈರೆಸೆನ್ಸ್. ಅಕ್ಕಪಕ್ಕದಲ್ಲೇ ಇರುವ ನೈಗ್ರೊಪಿಕ್ಟಸ್ ಅಷ್ಟು ಸಮರ್ಥ ವಾಹಕ ಅಲ್ಲ. ಹಸಿರು ಜಿಗಿಹುಳು ಇಷ್ಟು ಸಿಕ್ಕವು ಎಂದು ಒಟ್ಟಿಗೆ ಎಣಿಸಿ ಬರೆದರೆ ರೋಗದ ಅಪಾಯ ಎಷ್ಟು ಅನ್ನುವುದು ತಿಳಿಯುವುದಿಲ್ಲ. ದ್ರಾಕ್ಷಿಯಲ್ಲೂ ಇದೇ ಕಥೆ. ಉತ್ತರ ಅಮೆರಿಕದ ಸ್ಕಾಫಾಯ್ಡಿಯಸ್ ಟೈಟಾನಸ್ ಎಂಬ ಜಿಗಿಹುಳು ಯುರೋಪಿಗೆ ಬಂದು ಸೇರಿತು. ಅಲ್ಲಿ ದ್ರಾಕ್ಷಿ ಬಳ್ಳಿಗಳನ್ನು ಹಳದಿ ಮಾಡಿ ಕೊಲ್ಲುವ ಫ್ಲಾವೆಸೆನ್ಸ್ ಡೊರೇ ರೋಗವನ್ನು ಬಳ್ಳಿಯಿಂದ ಬಳ್ಳಿಗೆ ದಾಟಿಸುವ ಮುಖ್ಯ ವಾಹಕ ಅದು. ಅದೇ ಬಳ್ಳಿಯ ಮೇಲೆ ಬೇರೆ ಎಷ್ಟೋ ಜಿಗಿಹುಳುಗಳಿರುತ್ತವೆ. ಒಂದಕ್ಕೆ ಇನ್ನೊಂದರ ಹೆಸರು ಬರೆದರೆ ಬೇಡದ ಕಡೆ ಔಷಧಿ ಹೊಡೆಯುತ್ತಾರೆ, ಬೇಕಾದ ಕಡೆ ಬಿಟ್ಟುಬಿಡುತ್ತಾರೆ.

ಇನ್ನು 3 ಮಿ.ಮೀ.ನ ತಿಳಿ ಹಸಿರು ಹುಳು. ಮುಂದಿನ ರೆಕ್ಕೆಯಲ್ಲಿ ಬುಡದ ಕಡೆ ಮುಚ್ಚಿದ ಕೋಣೆ ಇಲ್ಲ ಅಂದರೆ ಟಿಫ್ಲೋಸಿಬಿನೇ ಅನ್ನುವುದು ಖಚಿತ. ನೆತ್ತಿಯ ಮೇಲೂ ಎರಡು ಸಣ್ಣ ಕಪ್ಪು ಚುಕ್ಕೆ ಇದ್ದರೆ ಹತ್ತಿ, ಬೆಂಡೆ, ಬದನೆ ಗಿಡಗಳಿಗೆ ಬೀಳುವ ಅಮ್ರಸ್ಕಾ ಬೈಗಟ್ಟುಲಾ ಇರುವ ಸಾಧ್ಯತೆ ಜಾಸ್ತಿ. ಇದು ಜೀವಂತ ಇದ್ದಾಗ ಎಲೆಯ ಅಡಿಯಲ್ಲಿ ಓರೆಯಾಗಿ, ಪಕ್ಕಕ್ಕೆ ಸರಿಯುತ್ತಾ ನಡೆಯುತ್ತದೆ. ಆದರೆ ಹಾಗೆ ನಡೆಯುವ ನೆಂಟರು ಬೇರೆಯೂ ಇದ್ದಾರೆ. ರೆಕ್ಕೆಯ ಚುಕ್ಕೆ ಮಸುಕಾಗಿದ್ದರೆ ಅಥವಾ ಇಲ್ಲದಿದ್ದರೆ ಎಂಪೋಆಸ್ಕಾ ಕುಲದ ಹತ್ತಾರು ಹಸಿರು ಹುಳುಗಳು ಸಾಲಾಗಿ ನಿಲ್ಲುತ್ತವೆ. ಅವು ಹೊರಗಿನಿಂದ ಒಂದರಂತೆ ಇನ್ನೊಂದು. ಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಕೂತವರೂ ಮೇಲಿನಿಂದ ನೋಡಿ ಎಂಪೋಆಸ್ಕಾದ ಜಾತಿ ಹೇಳುವುದಿಲ್ಲ. ಹೇಳಬಾರದು ಕೂಡ.

ಅಲ್ಲಿಗೆ ಮಸೂರದ ಕೆಲಸ ಮುಗಿಯಿತು. ಮುಂದೆ ಇರುವುದು ಗಂಡು ಹುಳುವಿನ ಜನನಾಂಗ. ಜಿಗಿಹುಳುಗಳ ಜಾತಿ ತೀರ್ಮಾನವಾಗುವುದು ಹೆಚ್ಚಾಗಿ ಇಲ್ಲಿಯೇ.

ಗಂಡೋ ಹೆಣ್ಣೋ ಅಂತ ತಿಳಿಯುವುದು ಸುಲಭ. ಹೊಟ್ಟೆಯ ಕೆಳಭಾಗದ ತುದಿ ನೋಡಿ. ಹೆಣ್ಣಿನಲ್ಲಿ ಮಧ್ಯದಲ್ಲಿ ಉದ್ದಕ್ಕೆ, ಕತ್ತಿಯಂತೆ ಮೊಟ್ಟೆ ಇಡುವ ಗರಗಸ ಮಲಗಿರುತ್ತದೆ. ಗಂಡಿನಲ್ಲಿ ಗರಗಸ ಇಲ್ಲ, ಅಕ್ಕಪಕ್ಕ ಎರಡು ಚಪ್ಪಟೆ ಫಲಕಗಳಿವೆ. ಅವುಗಳ ಹೆಸರು ಸಬ್‌ಜೆನಿಟಲ್ ಪ್ಲೇಟ್. ಅವುಗಳ ಮೇಲಿನ ದಪ್ಪ ಕೂದಲು ಎಷ್ಟು ಸಾಲು, ಎಲ್ಲಿ ಶುರು ಅನ್ನುವುದೂ ಗುರುತೇ.

ಒಳಗಿನದನ್ನು ನೋಡಬೇಕಾದರೆ ಹೊಟ್ಟೆಯನ್ನು ಬಿಡಿಸಿ ತೆಗೆಯಬೇಕು. ಸೂಕ್ಷ್ಮದರ್ಶಕದ ಕೆಳಗೆ, ಸೂಜಿಯ ತುದಿಯಿಂದ ಎದೆಗೂ ಹೊಟ್ಟೆಗೂ ನಡುವೆ ಒತ್ತಿದರೆ ಹೊಟ್ಟೆ ಪೂರ್ತಿಯಾಗಿ ಕಳಚಿಕೊಳ್ಳುತ್ತದೆ. ಅದನ್ನು 10 ಪ್ರತಿಶತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬಿಸಿ ಮಾಡಿದರೆ ಕೆಲವೇ ನಿಮಿಷ ಸಾಕು, ಆದರೆ ಈ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಮನೆಯಲ್ಲಿ ಬಿಸಿ ಮಾಡುವ ಸಾಹಸ ಬೇಡ. ಕೈಗವಸು, ಕನ್ನಡಕ ಹಾಕಿಕೊಂಡು ತಣ್ಣಗಿನ ದ್ರಾವಣದಲ್ಲೇ ಮಾಡಿ. ಮಾಂಸ, ಕೊಬ್ಬು ಎಲ್ಲ ಕರಗಿ ಚಿಪ್ಪು ಮಾತ್ರ ಪಾರದರ್ಶಕವಾಗಿ ಉಳಿಯುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು, ಕುಳಿ ಇರುವ ಗಾಜಿನ ಸ್ಲೈಡ್ ಮೇಲೆ ಗ್ಲಿಸರಿನ್ ಹಾಕಿ ಅದರಲ್ಲಿ ಇಟ್ಟು ನೋಡಬೇಕು.

ಮೊದಲ ಸಲ ನೋಡಿದಾಗ ಏನೂ ಅರ್ಥವಾಗುವುದಿಲ್ಲ. ಒಂದರ ಮೇಲೊಂದು ಕೊಕ್ಕೆ, ಕಡ್ಡಿ, ಫಲಕ. ಹೊರಗಿನಿಂದ ಒಳಗೆ ಹೋಗಿ. ಎಲ್ಲವನ್ನೂ ಸುತ್ತುವರಿದ ಗೋಡೆ ಪೈಗೋಫರ್. ಅದರ ಒಳಬದಿಯಿಂದ ಕೆಲವು ಕುಲಗಳಲ್ಲಿ ಕೊಕ್ಕೆಯಂಥ ಚಾಚು ಹೊರಡುತ್ತದೆ. ಕೆಳಗೆ ಆಗ ಹೇಳಿದ ಎರಡು ಫಲಕಗಳು. ಅವುಗಳ ಮೇಲೆ ಎರಡು ಸ್ಟೈಲ್, ಬಾಗಿದ ಕಡ್ಡಿಗಳು. ಸ್ಟೈಲ್‌ಗಳನ್ನು ಒಂದಕ್ಕೊಂದು ಜೋಡಿಸುವುದು ಕನೆಕ್ಟಿವ್. ಅದರ ಹಿಂದೆ ನಡುವಿನಲ್ಲಿ ಏಡಿಯಾಗಸ್, ಅಂದರೆ ಶಿಶ್ನ. ವೀರ್ಯ ಹೊರಬರುವ ರಂಧ್ರ ತುದಿಯಲ್ಲಿದೆಯೋ ಪಕ್ಕದಲ್ಲಿದೆಯೋ, ದಂಡ ನೇರವೋ ಬಾಗಿದೆಯೋ, ಮುಳ್ಳುಗಳಿವೆಯೇ, ಇದ್ದರೆ ಎಷ್ಟು, ಯಾವ ಕಡೆ ಮುಖ ಮಾಡಿವೆ, ಇವೆಲ್ಲ ಜಾತಿಯಿಂದ ಜಾತಿಗೆ ಬೇರೆ.

ಕನೆಕ್ಟಿವ್ ಬಗ್ಗೆ ಒಂದು ಮಾತು. ಡೆಲ್ಟೋಸೆಫಲಿನಿ ಮತ್ತು ಪ್ಯಾರಾಲಿಮ್ನಿನಿ ಎಂಬ ಎರಡು ಪಂಗಡಗಳು ಹುಲ್ಲಿನ ಮೇಲೆ ಸಿಗುವ ಸಣ್ಣ ಕಂದು ಹುಳುಗಳು. ಎರಡರಲ್ಲೂ ಕನೆಕ್ಟಿವ್‌ನ ಎರಡು ತೋಳು ಮುಂದೆ ಒಂದಕ್ಕೊಂದು ತೀರಾ ಹತ್ತಿರ ಬಂದಿರುತ್ತವೆ. ಡೆಲ್ಟೋಸೆಫಲಿನಿಯಲ್ಲಿ ಅದು ಏಡಿಯಾಗಸ್‌ಗೆ ಬೆಸೆದುಕೊಂಡು ಒಂದೇ ತುಂಡಾಗಿರುತ್ತದೆ. ಪ್ಯಾರಾಲಿಮ್ನಿನಿಯಲ್ಲಿ ನಡುವೆ ಕೀಲು ಇರುತ್ತದೆ. ಸೂಜಿಯಿಂದ ಮೆಲ್ಲಗೆ ತಳ್ಳಿ ನೋಡಿದರೆ ಗೊತ್ತಾಗುತ್ತದೆ. ಹೊರಗಿನಿಂದ ಗೊಂದಲ ಮಾಡುವ ಎರಡು ಪಂಗಡಗಳು ಒಂದು ಕೀಲಿನಿಂದ ಬೇರೆಯಾಗುತ್ತವೆ.

ಎಂಪೋಆಸ್ಕಾದಲ್ಲಿ ನೋಡುವುದು ಪೈಗೋಫರ್‌ನ ಚಾಚು, ಗುದನಾಳದ ಬುಡದ ಕೊಕ್ಕೆ, ಏಡಿಯಾಗಸ್, ಜೊತೆಗೆ ಹೊಟ್ಟೆಯ ಬುಡದ ಒಳಗಿನ ಅಪೋಡೀಮ್‌ಗಳು. ಅಪೋಡೀಮ್ ಅಂದರೆ ಸ್ನಾಯು ಅಂಟಿಕೊಳ್ಳಲು ಚಿಪ್ಪಿನಿಂದ ಒಳಕ್ಕೆ ಚಾಚಿದ ಹಲಗೆ. ಅದು ಹೊಟ್ಟೆಯ ಎಷ್ಟನೇ ಖಂಡದವರೆಗೆ ಬರುತ್ತದೆ, ಎಷ್ಟು ಅಗಲ ಎನ್ನುವುದು ಜಾತಿಯ ಗುರುತು. ಈ ಸ್ನಾಯುಗಳು ಹುಳು ಹಾಡಲು ಬಳಸುವ ಸ್ನಾಯುಗಳು. ಜಿಗಿಹುಳುಗಳು ಗಾಳಿಯಲ್ಲಿ ನಮಗೆ ಕೇಳುವಂತೆ ಕೂಗುವುದಿಲ್ಲ, ಹೊಟ್ಟೆಯನ್ನು ಕಂಪಿಸಿ ಆ ಕಂಪನವನ್ನು ಗಿಡದ ಕಾಂಡದ ಮೂಲಕ ಕಳಿಸುತ್ತವೆ. ಗಂಡು ಹೆಣ್ಣು ಪರಸ್ಪರ ಗುರುತು ಹಿಡಿಯುವುದು ಆ ಕಂಪನದಿಂದಲೇ. ನಮ್ಮ ಕಣ್ಣಿಗೆ ಬೇರೆಯಾಗಿ ಕಾಣದ ಎರಡು ಜಾತಿಗಳ ಹಾಡು ಬೇರೆ ಇರುವುದುಂಟು. ಅಂಗ ನೋಡಿ ತೀರ್ಮಾನ ಆಗದ ಕಡೆ ಸಂಶೋಧಕರು ಹಾಡು ದಾಖಲಿಸುತ್ತಾರೆ, ಡಿಎನ್‌ಎ ಹೋಲಿಸುತ್ತಾರೆ.

ಏಡಿಯಾಗಸ್ ನೋಡುವಾಗ ಒಂದು ಎಚ್ಚರ. ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಚಿತ್ರ ಬರೆಯಿರಿ ಅಥವಾ ಫೋಟೊ ತೆಗೆಯಿರಿ. ಸ್ವಲ್ಪ ವಾಲಿದರೂ ಮುಳ್ಳು ಗಿಡ್ಡವಾಗಿ, ದಂಡ ದಪ್ಪವಾಗಿ ಕಾಣುತ್ತದೆ, ಇನ್ನೊಂದು ಜಾತಿಯ ಚಿತ್ರಕ್ಕೆ ಹೊಂದಿಬಿಡುತ್ತದೆ. ಗ್ಲಿಸರಿನ್‌ನಲ್ಲಿ ಹುಳುವಿನ ಭಾಗ ತಾನಾಗಿ ತಿರುಗುತ್ತದೆ, ತಾಳ್ಮೆ ಬೇಕು. ಪ್ರಕಟವಾದ ಚಿತ್ರ ಯಾವ ಕೋನದ್ದು ಎಂದು ಮೊದಲು ಓದಿ, ಅದೇ ಕೋನಕ್ಕೆ ತಂದು ಹೋಲಿಸಿ.

ಜನನಾಂಗವೇ ಅಂತಿಮ ಅಂತ ಅಂದುಕೊಂಡರೂ ಎಡವಬಹುದು. ಇದಕ್ಕೆ ಜರ್ಮನಿಯ ಹೆಚ್. ಜೆ. ಮ್ಯೂಲರ್ 20ನೇ ಶತಮಾನದ ಮಧ್ಯದಲ್ಲಿ ಯೂಸೆಲಿಸ್ ಕುಲದ ಮೇಲೆ ಮಾಡಿದ ಕೆಲಸ ನೆನಪಿಡಬೇಕು. ಆ ಹುಳುಗಳಲ್ಲಿ ಗಾತ್ರ, ಬಣ್ಣದ ಜೊತೆ ಏಡಿಯಾಗಸ್‌ನ ಆಕಾರವೂ ಬೇರೆ ಬೇರೆ ಇತ್ತು, ಅದನ್ನು ನೋಡಿ ಬೇರೆ ಬೇರೆ ಜಾತಿ ಎಂದು ಹೆಸರಿಟ್ಟಿದ್ದರು. ಮ್ಯೂಲರ್ ಅವುಗಳನ್ನು ಬೇರೆ ಬೇರೆ ಹಗಲಿನ ಉದ್ದದಲ್ಲಿ ಸಾಕಿದರು. ಮರಿಗಳು ಬೆಳೆಯುವಾಗ ಹಗಲು ಗಿಡ್ಡವಾಗಿದ್ದರೆ ಒಂದು ರೂಪ, ಉದ್ದವಾಗಿದ್ದರೆ ಇನ್ನೊಂದು ರೂಪ ಬಂತು. ಒಂದೇ ಜಾತಿಯ ವಸಂತದ ತಲೆಮಾರು ಮತ್ತು ಬೇಸಿಗೆಯ ತಲೆಮಾರು ಅವು. ಈ ಕಾರಣಕ್ಕೇ ಒಂದೇ ಒಂದು ಹುಳು ನೋಡಿ ಜಾತಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಜಾಗದಿಂದ, ಬೇರೆ ಬೇರೆ ತಿಂಗಳಲ್ಲಿ ಹಿಡಿದ ಹಲವು ಹುಳು ಬೇಕು.

ರೋಗಿ ಹುಳುವೂ ಮೋಸ ಮಾಡುತ್ತದೆ. ಜಿಗಿಹುಳುವಿನ ಹೊಟ್ಟೆಯೊಳಗೆ ಪಿಪನ್‌ಕ್ಯುಲಿಡ್ ನೊಣದ ಮರಿ ಬೆಳೆಯುತ್ತದೆ. ಡ್ರೈಯಿನಿಡ್ ಕಣಜದ ಮರಿ ಹೊಟ್ಟೆಯ ಪಕ್ಕದಲ್ಲಿ ಚೀಲದಂತೆ ಹೊರಗೆ ಅಂಟಿಕೊಂಡಿರುತ್ತದೆ. ಇಂಥ ಪರಾವಲಂಬಿ ಇದ್ದ ಹುಳುವಿನ ಜನನಾಂಗ ಸರಿಯಾಗಿ ಬೆಳೆಯದೆ ಕುಗ್ಗಿರಬಹುದು. ಹೊಟ್ಟೆ ಅಸಹಜವಾಗಿ ಉಬ್ಬಿದ್ದರೆ ಅದನ್ನು ಬಿಟ್ಟು ಇನ್ನೊಂದು ಗಂಡನ್ನು ಆರಿಸಿ.

ಹೆಣ್ಣುಗಳನ್ನು ಏನು ಮಾಡುವುದು? ಹೊಟ್ಟೆಯ ಅಡಿಯ ಏಳನೇ ಫಲಕದ ಹಿಂದಿನ ಅಂಚು ನೋಡಿ. ಅದು ನೇರವೋ, ನಡುವೆ ಕಚ್ಚು ಇದೆಯೋ, ಹಲ್ಲಿನಂತೆ ಚಾಚಿದೆಯೋ ಎನ್ನುವುದು ಹಲವು ಕುಲಗಳಲ್ಲಿ ಸಹಾಯ ಮಾಡುತ್ತದೆ. ಗರಗಸದ ಹಲ್ಲುಗಳನ್ನೂ ಈಗೀಗ ಚೆನ್ನಾಗಿ ಅಧ್ಯಯನ ಮಾಡುತ್ತಿದ್ದಾರೆ. ಎಂಪೋಆಸ್ಕಾದಂಥ ಕುಲದಲ್ಲಿ ಹೆಣ್ಣು ಮಾತ್ರ ಸಿಕ್ಕರೆ ಕುಲದ ಹೆಸರು ಬರೆದು ನಿಲ್ಲಿಸಿ. ರೆಕ್ಕೆ ಮೂಡದ ಮರಿಗಳಿಗೂ ಅದೇ ಮಾತು. ಮರಿಗಳನ್ನು ಸಿಕ್ಕಿದ ಗಿಡದ ಮೇಲೆಯೇ ಸಾಕಿ ದೊಡ್ಡದು ಮಾಡಿ, ಆಮೇಲೆ ನೋಡಿ.

ಕುಲ ಗೊತ್ತಾದ ಮೇಲೆ ಬಣ್ಣ ಎಷ್ಟು ನೆರವಾಗುತ್ತದೆ ಅನ್ನುವುದಕ್ಕೆ ಇನ್ನೆರಡು ಉದಾಹರಣೆ ಕೊಡುತ್ತೇನೆ. ಮಾವಿನ ಜಿಗಿಹುಳುಗಳಲ್ಲಿ ಬೆನ್ನಿನ ತ್ರಿಕೋನದ ಮೇಲೆ, ಅಂದರೆ ಸ್ಕ್ಯುಟೆಲ್ಲಮ್ ಮೇಲೆ, ಅಮ್ರಿಟೋಡಸ್ ಅಟ್ಕಿನ್ಸೋನಿಗೆ ಎರಡು ಚುಕ್ಕೆ, ಇಡಿಯೊಸ್ಕೋಪಸ್ ನಿಟಿಡುಲಸ್‌ಗೆ ಮೂರು. ಇಡಿಯೊಸ್ಕೋಪಸ್ ಕ್ಲಿಪಿಯಾಲಿಸ್ ಇವುಗಳಿಗಿಂತ ಚಿಕ್ಕದು, ಅದಕ್ಕೂ ಎರಡೇ ಚುಕ್ಕೆ, ಆದರೆ ನೆತ್ತಿಯ ಮೇಲೂ ಕಪ್ಪು ಚುಕ್ಕೆಗಳಿವೆ. ಮೆಕ್ಕೆಜೋಳದ ಡಾಲ್ಬುಲಸ್ ಮೈಡಿಸ್‌ಗೆ ಕಣ್ಣುಗಳ ನಡುವೆ ನೆತ್ತಿಯ ಮೇಲೆ ಎರಡು ದೊಡ್ಡ ಕಪ್ಪು ಚುಕ್ಕೆ. ಕಾಲು, ಮುಖ ನೋಡದೆ ಇದೇ ಚುಕ್ಕೆಗಳನ್ನು ನಂಬಿದರೆ ಬೇರೆ ಉಪಕುಟುಂಬಗಳ ಚುಕ್ಕೆ ಹುಳುಗಳೂ ಇದೇ ಹೆಸರಿನಡಿ ಬಂದು ಸೇರುತ್ತವೆ.

ಮುಂದಿನ ಸಲ ಬಟ್ಟೆಯ ಮೇಲೆ ಹುಳು ಬಂದಾಗ ಮೇಲಿನಿಂದ ಒಂದು ಫೋಟೊ, ಪಕ್ಕದಿಂದ ಹಿಂಗಾಲು ಕಾಣುವಂತೆ ಒಂದು, ಮುಖದ್ದು ಒಂದು, ಹೊಟ್ಟೆಯ ಅಡಿಭಾಗದ್ದು ಒಂದು ತೆಗೆಯಿರಿ. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಡಿ. ಈ ನಾಲ್ಕು ಇದ್ದರೆ ಬಲ್ಲವರಿಗೆ ಕಳಿಸಿದಾಗ ಉಪಕುಟುಂಬದವರೆಗಾದರೂ ಉತ್ತರ ಸಿಗುತ್ತದೆ. ಹುಳುವನ್ನು ಉಳಿಸಿಕೊಳ್ಳುವುದಾದರೆ ಕೆಲವನ್ನು ಒಣಗಿಸಿ, ತ್ರಿಕೋನ ಕಾಗದದ ತುದಿಗೆ ಪಕ್ಕದಿಂದ ಅಂಟಿಸಿ, ಆ ಕಾಗದವನ್ನು ಪಿನ್ನಿಗೆ ಚುಚ್ಚಿ. ಮುಖದ ಮೇಲಾಗಲಿ ಹೊಟ್ಟೆಯ ಅಡಿಯಲ್ಲಾಗಲಿ ಅಂಟು ಬೀಳಬಾರದು. ಕೆಲವನ್ನು 95 ಪ್ರತಿಶತ ಆಲ್ಕೋಹಾಲ್‌ನಲ್ಲಿ ಇಡಿ, ಡಿಎನ್‌ಎ ಬೇಕಾದರೆ ಅದೇ ಗತಿ. ಬಿಡಿಸಿದ ಹೊಟ್ಟೆಯನ್ನು ಎಸೆಯಬೇಡಿ. ಗ್ಲಿಸರಿನ್ ತುಂಬಿದ ಪುಟಾಣಿ ಕೊಳವೆಯಲ್ಲಿ ಹಾಕಿ ಅದೇ ಹುಳುವಿನ ಪಿನ್ನಿಗೆ ಸಿಕ್ಕಿಸಿ. ಯಾವ ಹೊಟ್ಟೆ ಯಾವ ಹುಳುವಿನದು ಅಂತ ಗೊತ್ತಾಗದಿದ್ದರೆ ಎರಡೂ ದಂಡ.

ಚೀಟಿಯಲ್ಲಿ ಜಾಗ, ತಾರೀಖು, ದೀಪಕ್ಕೆ ಬಂತೋ ಗಿಡದ ಮೇಲೆ ಸಿಕ್ಕಿತೋ ಅನ್ನುವುದು ಇರಲಿ. ಗಿಡದ ಮೇಲಾದರೆ ಗಿಡದ ಹೆಸರೂ ಬೇಕು. ಯಾಕೆಂದರೆ ಎಷ್ಟೋ ಜಿಗಿಹುಳುಗಳು ಒಂದೆರಡು ಬಗೆಯ ಗಿಡ ಬಿಟ್ಟು ಬೇರೆ ಕಡೆ ಮರಿ ಮಾಡುವುದಿಲ್ಲ. ದೀಪಕ್ಕೆ ಬಂದ ಹುಳು ಎಲ್ಲಿಂದ ಬಂತು ಅಂತ ಹೇಳಲಾಗುವುದಿಲ್ಲ ಅಲ್ವಾ? ಹಾಗಾಗಿ ಹಗಲು ಹೊತ್ತು ಸುತ್ತಲಿನ ಗಿಡಗಳನ್ನು ಬಲೆಯಿಂದ ಸವರಿ, ಅದೇ ತಿಳಿ ಹಸಿರು ಹುಳು ಯಾವ ಗಿಡದ ಮೇಲೆ ಗುಂಪಾಗಿದೆ ಎಂದು ನೋಡಿ. ಅಲ್ಲಿ ಗಂಡು ಹೆಣ್ಣು ಎರಡೂ ಸಿಗುತ್ತವೆ. ಸದ್ಯಕ್ಕೆ ನಿಮ್ಮ ಮೂರು ಪೆಟ್ಟಿಗೆಗಳ ಮೇಲೆ ಹೀಗೆ ಬರೆದಿಡಿ: ಕಂದು ಹುಳುವಿಗೆ ಡೆಲ್ಫಾಸಿಡೇ. ಕಪ್ಪು ತುದಿಯ ಹಸಿರು ಹುಳುವಿಗೆ, ಸರಳ ಕಣ್ಣು ಮತ್ತು ರೆಕ್ಕೆಯ ಕೋಣೆ ನೋಡಿ ಖಾತ್ರಿಯಾದ ಮೇಲೆ, ನೆಫೊಟೆಟಿಕ್ಸ್, ಗಂಡು. ಚಿಕ್ಕದಕ್ಕೆ ಟಿಫ್ಲೋಸಿಬಿನೇ, ಪಕ್ಕದಲ್ಲಿ ಅಮ್ರಸ್ಕಾ ಎಂದು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ. ನೆತ್ತಿಯ ಎರಡು ಚುಕ್ಕೆ ಸ್ಪಷ್ಟವಾಗಿ ಕಂಡು, ಒಂದು ಗಂಡಿನ ಏಡಿಯಾಗಸ್ ಪ್ರಕಟಿತ ಚಿತ್ರಕ್ಕೆ ಹೊಂದಿದ ದಿನ ಆ ಚಿಹ್ನೆ ತೆಗೆಯಬಹುದು.